ಪಂಪ್‌ಸೆಟ್‌ಗೆ, ಮೂರು ವರ್ಷ ಲೇಟಾಗಿ

ಲೋ ಪಂಪ್‌ಸೆಟ್,

ರಾಯಚೂರಲ್ಲಿ ಬಿಸಿಲು ಹೆಂಗಿದೆ ಅಂತ ಕೇಳಲ್ಲ, ಕೇಳಿದ್ರೆ ಬ್ಯಾಂಕ್ ಗೋಡೆ ಮೇಲಿರೋ ಥರ್ಮಾಮೀಟರ್ ಫೋಟೋ ಕಳಿಸ್ತೀಯ. ಇದನ್ನ ವಾಟ್ಸಾಪಲ್ಲೇ ಹಾಕಬಹುದಿತ್ತು, ಆದ್ರೆ ಅಲ್ಲಿ ನೀನು ಓದಿ ‘ಹ್ಮ್’ ಅಂದು ಮುಗಿಸ್ತೀಯ, ಇಲ್ಲಾದ್ರೆ ನಾಲ್ಕು ಜನರ ಮುಂದೆ ಮರ್ಯಾದೆಗಾದ್ರೂ ಎರಡು ಸಾಲು ಬರೀತೀಯ ಅನ್ನೋ ಲೆಕ್ಕಾಚಾರ. ಓದ್ತಿರೋ ಉಳಿದೋರಿಗೆ ಹೇಳ್ತೀನಿ, ಇವನು ನನ್ನ ಹಳೇ ರೂಮ್‌ಮೇಟು, ಕ್ಯಾತ್ಸಂದ್ರದಲ್ಲಿ ರೈಲು ಹಳಿ ಪಕ್ಕದ ರೂಮು, ಗಿಟಾರ್ ಬಾರಿಸ್ತಿದ್ದ, ಈಗ ಬೆಳೆಸಾಲದ ಫೈಲ್ ನೋಡ್ತಾನೆ. ಪಂಪ್‌ಸೆಟ್ ಅಂತ ಹೆಸರು ಯಾಕೆ ಬಂತು ಅಂತ ಹೇಳಕ್ಕಾಗಲ್ಲ, ಇವರ ಅಮ್ಮನೂ ಇಲ್ಲಿದಾರೆ. ಮೊಸರಿನ ಡಬ್ಬದ ವಿಷ್ಯನೂ ನಾನು ಎತ್ತಲ್ಲ. ಮಾತು ಅಂದ್ರೆ ಮಾತು.

ನಾನೀಗ ತಿಂಗಳಿಗೊಂದು ಲೈವ್ ಮ್ಯೂಸಿಕ್ ಶೋ ನೋಡ್ತಿದೀನಿ ಅಂತ ನಿಂಗೆ ಗೊತ್ತು, ಸ್ಟೇಟಸ್ಸಲ್ಲಿ ಆ ಕೆಂಪು ಲೈಟಿನ ನಡುಗೋ ವೀಡಿಯೋ ಹಾಕ್ತಾನೇ ಇರ್ತೀನಲ್ಲ, ಯಾರೂ ಪೂರ್ತಿ ನೋಡಲ್ಲ ಅದನ್ನ, ನಾನೂ ನೋಡಲ್ಲ. ಟಿಕೆಟ್ 499, ಒಳಗೆ ನಿಂಬೆ ಸೋಡಾ 280. ಅಪ್ಪನಿಗೆ ಹೇಳಿದ್ರೆ ‘ಆ ದುಡ್ಡಿಗೆ ಹಾಡೋರನ್ನೇ ಮನೆಗೆ ಕರೆಸಿ ಊಟ ಹಾಕಬಹುದಿತ್ತು’ ಅಂತಾರೆ. ತುಮಕೂರಲ್ಲಿ ಇಂಥದ್ದೆಲ್ಲ ಎಲ್ಲಿ ಬರುತ್ತೆ ಹೇಳು, ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಸ್ಕೂಲ್ ಡೇ, ಸನ್ಮಾನ, ಅದು ಬಿಟ್ರೆ ಗಣೇಶನ ಹಬ್ಬದ ಆರ್ಕೆಸ್ಟ್ರಾ. ತಮಾಷೆ ಅಂದ್ರೆ ನಮ್ಮ ಜಿಲ್ಲೆಯ ಗುಬ್ಬಿ ನಾಟಕ ಕಂಪನಿ 1884ರಲ್ಲೇ ಶುರುವಾಗಿ ಸೀನರಿ, ಲೈಟು, ಪಾತ್ರೆ ಪಗಡ ಎಲ್ಲಾ ಗಾಡಿಗೆ ಹಾಕ್ಕೊಂಡು ಊರೂರು ಸುತ್ತಿದ್ದು. ‘ಟೂರು’ ಅನ್ನೋ ಪದಕ್ಕೆ ನಾವೇ ಹಕ್ಕುದಾರರು ಕಣೋ. ಈಗ ನೋಡಿದ್ರೆ ನಾಲ್ಕು ಹಾಡು ಕೇಳೋಕೆ ನಾನು ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಹೋಗ್ಬೇಕು.

ಈ ಹುಚ್ಚು ಹಿಡಿಸಿದ್ದು ನೀನೇ, ಮರೀಬೇಡ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ನಾವಿನ್ನೂ ಪಿಯುಸಿ. ನಿನ್ನ ಮೊಬೈಲು, ಒಂದೇ ಇಯರ್‌ಫೋನು, ಎಡಗಡೆದು ನಿಂಗೆ, ಬಲಗಡೆದು ನಂಗೆ. ಕೆಲಸ ಸಿಕ್ಕಿ ಸ್ವಂತದ್ದೊಂದು ಹೆಡ್‌ಫೋನ್ ತಗೊಳ್ಳೋ ತನಕ ಆ ಆಲ್ಬಮ್ಮಿನ ಎಡಗಡೆ ಏನಿದೆ ಅಂತಲೇ ಗೊತ್ತಿರ್ಲಿಲ್ಲ ನಂಗೆ. ‘ಗುಡುಗುಡಿಯ ಸೇದಿ ನೋಡೋ’ ಹಾಕ್ದಾಗ ನಮ್ಮ ತಾತ ಜಗಲಿ ಮೇಲಿಂದ ಎದ್ದು ಬಂದು ‘ಇದ್ಯಾವನ್ಲಾ ಷರೀಫಜ್ಜನ ಪದಾನ ಕರೆಂಟಲ್ಲಿ ಹಾಡ್ತಿರೋನು’ ಅಂತ ಕೇಳಿದ್ದು ನೆನಪಿದ್ಯಾ? ಬೈತಾರೆ ಅಂದ್ಕೊಂಡ್ವಿ. ನಿಂತು ಪೂರ್ತಿ ಕೇಳಿ ‘ತಾಳ ಪರವಾಗಿಲ್ಲ’ ಅಂದು ಹೋದ್ರು. ಭಜನೆ ಮಂಡಳಿಲಿ ನಲವತ್ತು ವರ್ಷ ತಾಳ ಹಾಕಿದ ಮನುಷ್ಯ ಪರವಾಗಿಲ್ಲ ಅಂದ್ರೆ ಅದು ನಮ್ಮನೇಲಿ ದೊಡ್ಡ ಸರ್ಟಿಫಿಕೇಟು.

ಆಮೇಲೆ ಸ್ವರಾತ್ಮ ಬ್ಯಾಂಡು. ಅದರಲ್ಲಿ ಹಾಡ್ತಿದ್ದ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಕೊಂಡು ಸ್ಟೇಜ್ ಮೇಲೆ ಕುಣಿಯೋ ವೀಡಿಯೋ ನೋಡಿ ನೀನು ಒಂದು ವಾರ ರೂಮಲ್ಲಿ ದಿಂಬು ಕಟ್ಕೊಂಡು ಓಡಾಡಿದೆ. ರಘು, ವಾಸು ಅಣ್ಣತಮ್ಮ ಅಂತ ಗೊತ್ತಾದ ದಿನ ‘ಅವರ ಮನೇಲಿ ಬಚ್ಚಲಲ್ಲೂ ಕೋರಸ್ ಇರುತ್ತೆ’ ಅಂದೆ. ಬ್ಯಾಂಡುಗಳು ಲೈವ್ ಬಾರಿಸ್ತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀಗೆ ಹೋಗ್ಬೇಕು ಹೋಗ್ಬೇಕು ಅಂತ ಪ್ಲಾನ್ ಹಾಕ್ತಾನೇ ಇದ್ವಿ, 2013ರಲ್ಲಿ ತೆಗೆದ ಜಾಗ 2019ರಲ್ಲಿ ಮುಚ್ಚೇ ಹೋಯ್ತು, ಒಂದ್ಸಲವೂ ಹೋಗ್ಲಿಲ್ಲ ನಾವು. ಬಹುಶಃ ಆ ಸಿಟ್ಟಿಗೇ ಇರಬೇಕು ಈಗ ಸಿಕ್ಕಸಿಕ್ಕ ಶೋಗೆಲ್ಲ ನುಗ್ತಿರೋದು.

ಒಂದು ವಿಷ್ಯ ಕಂಡ್ಕೊಂಡೆ. ಆಲ್ಬಂ ಮೊದಲು ಕೇಳಿ ಆಮೇಲೆ ಶೋಗೆ ಹೋಗೋದಕ್ಕಿಂತ ಏನೂ ಗೊತ್ತಿಲ್ದೆ ಹೋಗಿ ನಿಂತು, ವಾಪಸ್ ಬರ್ತಾ ಬಸ್ಸಲ್ಲಿ ಆಲ್ಬಂ ಕೇಳೋದೇ ಮಜಾ. ಪರ್ವಾಝ್ ಅನ್ನೋ ಬ್ಯಾಂಡು ಹಾಡೋದು ಉರ್ದು, ಕಾಶ್ಮೀರಿ, ನಂಗೆ ಒಂದಕ್ಷರ ಹತ್ತಲ್ಲ, ಆದ್ರೆ ಲೈವಲ್ಲಿ ಆ ಡ್ರಮ್ಮು ಪಕ್ಕೆಲುಬಿಗೇ ಬಡೀತು ಕಣೋ. ಆಮೇಲೆ ಅವರ 2019ರ ಆಲ್ಬಂ ‘ಕುನ್’ ಹಾಕಿದ್ರೆ ಅದೇ ಹಾಡು ಎಷ್ಟು ಸಾವಧಾನವಾಗಿದೆ ಅಂದ್ರೆ, ಜಗಳದಲ್ಲಿ ಪರಿಚಯ ಆದವನು ಮಾರನೇ ದಿನ ಟೀ ಕುಡಿಸಿದ ಹಾಗೆ. ಬಿಂದುಮಾಲಿನಿ ಅವರು ಹಾಡೋದು ಕೇಳಿದ್ದು ಮಾತ್ರ ಬಾರ್ ಇಲ್ಲದ ಕಡೆ, ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತು. ‘ನಾತಿಚರಾಮಿ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತಲ್ಲ, ಅವರೇ. ಕಬೀರನ ಒಂದು ಸಾಲು ತಗೊಂಡು ಅದನ್ನೇ ತಿರುಗಿಸಿ ತಿರುಗಿಸಿ ಹಾಡ್ತಾರೆ, ಉಸಿರು ಎಳ್ಕೊಳ್ಳೋದೂ ಮೈಕಲ್ಲಿ ಕೇಳುತ್ತೆ, ಪಕ್ಕದಲ್ಲಿ ಒಬ್ಬರಿಗೆ ಕೆಮ್ಮು ಬಂದು ತಡ್ಕೊಂಡು ತಡ್ಕೊಂಡು ಕಣ್ಣಲ್ಲಿ ನೀರು ಬಂತು, ಅದು ಭಕ್ತಿ ಅಂತ ಎಲ್ಲಾರೂ ಅಂದ್ಕೊಂಡ್ರು.

ಸರಿ, ನಾನು ಹೇಳಕ್ಕೆ ಹೊರಟಿದ್ದು ಹೋದ ತಿಂಗಳ ಶೋ. ಜಾಗದ ಹೆಸರು ಬೇಡ, ಸೌಂಡಿನವನನ್ನ ಬೈಯೋದಿದೆ. ಮೇನ್ ಬ್ಯಾಂಡಿಗೆ ಮುಂಚೆ ಒಬ್ಬ ಹುಡುಗ ಬಂದ, ಇಪ್ಪತ್ತೆರಡೋ ಇಪ್ಪತ್ಮೂರೋ, ಒಂದು ಅಕೌಸ್ಟಿಕ್ ಗಿಟಾರು, ಬಾರಿಸಿದ್ದನ್ನೇ ಮತ್ತೆ ಮತ್ತೆ ಓಡಿಸೋ ಒಂದು ಲೂಪ್ ಪೆಡಲ್ಲು, ಹಾಡೆಲ್ಲ ಕನ್ನಡ. ಹಾಡೋನ ಕಡೆ ತಿರುಗಿಸಿ ಇಡೋ ಮಾನಿಟರ್ ಸ್ಪೀಕರ್ ಸತ್ತಿತ್ತು ಅನ್ಸುತ್ತೆ, ಪಾಪ ತನ್ನ ದನಿ ತನಗೇ ಕೇಳಿಸ್ದೆ ಒಂದು ಕಿವಿ ಮುಚ್ಕೊಂಡು ಹಾಡ್ತಿದ್ದ, ಎರಡ್ಸಲ ಕುಂಯ್ಯ್ ಅಂತ ಕೂಗ್ಕೊಂತು ಸ್ಪೀಕರು, ಸೌಂಡಿನವನು ಮೊಬೈಲಲ್ಲಿ ಕ್ರಿಕೆಟ್ ನೋಡ್ತಾ ಕೂತಿದ್ದ. ಕೌಂಟರ್ ಹತ್ರ ನಿಂತಿರೋರು ಹಾಡಿಗಿಂತ ಜೋರಾಗಿ ಮಾತಾಡ್ತಿದ್ರು. ನಾನೂ ಮಾತಾಡ್ತಿದ್ದೆ, ಈಗ ಒಳ್ಳೆಯವನ ಥರ ಬರೀತಿದೀನಿ ಅಷ್ಟೇ.

ಮುಂದೆ ನಾಲ್ಕು ಜನ ನಿಂತಿದ್ರು. ಹುಡುಗನ ಫ್ರೆಂಡ್ಸು ಅಂತ ನೋಡಿದ್ರೇನೇ ಗೊತ್ತಾಗ್ತಿತ್ತು, ಒಬ್ಬನ ಹೆಗಲ ಮೇಲೆ ಗಿಟಾರಿನ ಖಾಲಿ ಬ್ಯಾಗು. ಎಲ್ಲಾ ಹಾಡಿಗೂ ಬಾಯಾಡಿಸ್ತಿದ್ರು, ಶ್ರುತಿ ಗಿತಿ ಏನಿಲ್ಲ. ಒಂದ್ಕಡೆ ಅವನು ಪದ ಮರೆತ, ಬ್ಯಾಗಿನವನು ಕೆಳಗಿಂದಲೇ ಎತ್ತಿಕೊಟ್ಟ, ನಾಟಕದಲ್ಲಿ ಪರದೆ ಹಿಂದಿಂದ ಹೇಳ್ಕೊಡೋ ಹಾಗೆ. ಕೊನೇ ಹಾಡಲ್ಲಿ ಗಿಟಾರ್ ತಟಕ್ಕನೆ ನಿಲ್ಲುತ್ತೆ, ನಿಂತ ಜಾಗದಲ್ಲಿ ನಾಲ್ಕೂ ಜನ ಒಟ್ಟಿಗೆ ಒಂದೇ ಒಂದು ಚಪ್ಪಾಳೆ, ಟಪ್, ಮತ್ತೆ ಹಾಡು. ಅಲ್ಲೊಂದು ಚಪ್ಪಾಳೆ ಇದೆ ಅಂತ ಗೊತ್ತಿರ್ಬೇಕಾದ್ರೆ ಎಷ್ಟು ಸಲ ಕೇಳಿರ್ಬೇಕು ಹೇಳು. ಆಮೇಲೆ ಬಂದ ಬ್ಯಾಂಡು ಚಾವಣಿ ಹಾರೋ ಹಾಗೆ ಬಾರಿಸ್ತು, ನಂಗೆ ತಲೇಲಿ ಅದೊಂದೇ ಟಪ್ಪು.

ಪೂರ್ತಿ ಮುಗಿಯೋಕೆ ಮುಂಚೆನೇ ಎದ್ದೆ. ಮೆಜೆಸ್ಟಿಕ್ಕಲ್ಲಿ ಮೆಟ್ರೋ ಬದಲಾಯಿಸಿ ಮಾದಾವರಕ್ಕೆ ಬಂದೆ, ನಿನ್ನ ಕಾಲದಲ್ಲಿ ಹಸಿರು ಲೈನು ನಾಗಸಂದ್ರಕ್ಕೇ ಮುಗೀತಿತ್ತು, 2024ರ ನವೆಂಬರಿಂದ ಅಲ್ಲೀತನಕ ಓಡ್ತಿದೆ. ಹೈವೇಲಿ ಕೈ ಅಡ್ಡ ಹಾಕಿ ಹಾಕಿ ಕೊನೆಗೊಂದು ಶಿವಮೊಗ್ಗ ಬಸ್ಸು ನಿಂತ್ಕೊಂತು. ಕೂತ್ಕೊಂಡು ಏನೋ ಆಗಿ ನೀನು ಮಾಡಿದ್ದ ಹಾಡುಗಳ ಲಿಂಕ್ ಹುಡುಕ್ದೆ.

ಈಗ ಒಪ್ಕೊಂಡ್ಬಿಡ್ತೀನಿ. 2022ರ ಮಾರ್ಚಲ್ಲಿ ಒಂದಿನ ರಾತ್ರಿ 9.14ಕ್ಕೆ ನೀನು ಅದನ್ನ ಕಳಿಸಿದ್ದೆ. ನಾಲ್ಕು ಹಾಡು, ಒಟ್ಟು 19 ನಿಮಿಷ. 9.16ಕ್ಕೆ ನಾನು ‘ಬೆಂಕಿ ಮಗಾ’ ಅಂತ ಹಾಕಿದೀನಿ, ಜೊತೆಗೆ ಮೂರು ಬೆಂಕಿ. ಚಾಟ್ ಹಿಂದಕ್ಕೆ ಎಳ್ದು ಎಳ್ದು ನೋಡ್ದೆ, ಇದೆ. ಪರ್ಚೇಸ್ ಡಿಪಾರ್ಟ್‌ಮೆಂಟಲ್ಲಿರೋನು ನಾನು, ಸುಳ್ಳು ಬಿಲ್ ಕಂಡುಹಿಡಿಯೋಕೆ ಸಂಬಳ ತಗೊಳ್ತೀನಿ, 19 ನಿಮಿಷದ್ದನ್ನ ಎರಡು ನಿಮಿಷದಲ್ಲಿ ಕೇಳಿ ಮುಗಿಸಿದೀನಿ. ಅದಾದ ಮೇಲೆ ನೀನು ‘ಮೂರನೇದು ಕೇಳ್ದ್ಯಾ?’ ಅಂತ ಕೇಳಿದ್ದೀಯ. ಮೂರನೇದರ ಹೆಸರು ‘ಖಾಲಿ’. ನಾನು ಹೆಸರು ನೋಡ್ಕೊಂಡು ‘ಅದೇ ಬೆಸ್ಟು, ಒಳಗಿನ ಖಾಲಿತನಾನ ಸಕ್ಕತ್ತಾಗಿ ಹಿಡಿದಿದ್ದೀಯ’ ಅಂತ ಬರ್ದಿದೀನಿ. ನೀನು ‘ಹೌದಾ’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ‘ಥ್ಯಾಂಕ್ಸ್ ಮಗಾ’ ಅಂದೆ.

ನೆಲಮಂಗಲ ದಾಟಿದ ಮೇಲೆ ‘ಖಾಲಿ’ ಹಾಕ್ದೆ. ಶುರುವಲ್ಲಿ ಏನೋ ಕಣಕಣ ಸದ್ದು, ತಾಳದ ಥರ, ಗೊತ್ತಾಗ್ಲಿಲ್ಲ. ಗಿಟಾರ್ ಬಂತು, ನೀನು ಗುನುಗಿದ್ದು ಬಂತು, ದೂರದಲ್ಲಿ ಒಂದು ರೈಲು ಹೋಯ್ತು. ಆ ರೈಲು ನಂಗೆ ಗೊತ್ತು, ಆ ರೂಮಲ್ಲಿ ಕಿಟಕಿಗೆ ರಗ್ಗು ಹೊಡ್ದು ರೆಕಾರ್ಡ್ ಮಾಡಕ್ಕೆ ಕೂತಾಗೆಲ್ಲ ಟೇಕ್ ಹಾಳು ಮಾಡ್ತಿದ್ದ ಪ್ಯಾಸೆಂಜರ್ರು. ಮೂರು ನಿಮಿಷ ನಲವತ್ತು ಸೆಕೆಂಡಿಗೆ ಎಲ್ಲಾ ನಿಂತು ಒಂದು ದನಿ: ‘ಲೋ, ಚಟ್ನಿ ಖಾಲಿ ಅಂತೆ ಕಣೋ!’ ಆಮೇಲೆ ಗಹಗಹಗಹ ಅಂತ ನಗು.

ನನ್ನ ದನಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟ್ಲು, ಭಾನುವಾರ ಬೆಳಗ್ಗೆ. ಯಾವಾಗ ರೆಕಾರ್ಡ್ ಮಾಡ್ಕೊಂಡ್ಯೋ. ಶುರುವಿನ ಕಣಕಣ ತಟ್ಟೆ ಮೇಲೆ ತಟ್ಟೆ ಇಡೋ ಸದ್ದು. ನನ್ನ ನಗೂನ ನಿಧಾನ ಮಾಡಿ ಮಾಡಿ, ಎಳ್ದು, ಕೊನೆಗೆ ಅದು ತಂಬೂರಿ ಥರ ಆಗಿ, ಉಳಿದ ಒಂದೂವರೆ ನಿಮಿಷ ಅದರ ಮೇಲೇ ನೀನು ಹಾಡಿದ್ದೀಯ. ಅಂದ್ರೆ ಮೂರು ವರ್ಷ ನೀನು ನಾನೇನಾದ್ರೂ ಅಂತೀನಾ ಅಂತ ಕಾಯ್ತಿದ್ದೆ, ನಾನು ಒಳಗಿನ ಖಾಲಿತನ ಅಂತ ವಿಮರ್ಶೆ ಬರ್ದಿದ್ದೆ. ಚಟ್ನಿಗೆ.

ದಾಬಸ್‌ಪೇಟೆ ಹತ್ರ ಕಂಡಕ್ಟರ್ ನನ್ನ ಮುಖ ನೋಡಿ ಏನೂ ಕೇಳ್ದೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟು ಹೋದ್ರು.

ಟೈಮಿರ್ಲಿಲ್ಲ ಅಂದ್ರೆ ನೀನು ನಂಬ್ತೀಯ, ಅದೇ ಪ್ರಾಬ್ಲಮ್ಮು ನಿಂದು. ಆ ವಾರ ನಾನು ದೆಹಲಿ, ಶಿಲ್ಲಾಂಗು, ಯಾರ್ಯಾರದ್ದೋ ಬ್ಯಾಂಡು ಹುಡುಕಿ ಹುಡುಕಿ ಕೇಳ್ತಿದ್ದೆ. ನಿಂದು ಕೇಳ್ಲಿಲ್ಲ. ಕೆಟ್ಟದಾಗಿದ್ರೆ ಚೆನ್ನಾಗಿದೆ ಅಂತ ಸುಳ್ಳು ಹೇಳೋಕೆ ರೆಡಿ ಇದ್ದೆ, ಚೆನ್ನಾಗಿದ್ಬಿಟ್ರೆ ಏನು ಮಾಡೋದು ಅಂತ ಗೊತ್ತಿರ್ಲಿಲ್ಲ. ‘ಪದ ನಂದು, ರಾಗ ನಿಂದು’ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರ್ದಿದ್ವಲ್ಲ. ಪೀಣ್ಯದಲ್ಲಿ ಕೆಲಸ ಸಿಕ್ಕಿದ ದಿನ ‘ಭಾನುವಾರ ಕೂರೋಣ’ ಅಂತ ಹೇಳಿ ಹೋದೋನು ನಾನು. ನೀನು ಎಷ್ಟು ಭಾನುವಾರ ಕಾದ್ಯೋ, ಆಮೇಲೆ ಪದಾನೂ ನೀನೇ ಬರ್ಕೊಂಡೆ. ಮುಖ ಗೊತ್ತಿಲ್ಲದೋರ ಹಾಡು ಕೇಳೋದು ಸುಲಭ ಮಗಾ, ಅವರು ಎಷ್ಟು ಚೆನ್ನಾಗಿ ಹಾಡಿದ್ರೂ ನಾನು ಬಿಟ್ಟಿದ್ದೇನು ಅಂತ ಯಾರೂ ಕೇಳಲ್ಲ. ಹೋದ ವರ್ಷ ನೀನು ಗಿಟಾರ್ ಮಾರ್ಬಿಟ್ಟೆ ಅಂತ ಫೋನಲ್ಲಿ ಹೇಳ್ದಾಗ ‘ಅಯ್ಯೋ ಛೆ’ ಅಂದೆ ನಾನು. ಅಂದಿದ್ದು ಛೆ. ಆಗಿದ್ದು ಒಂಥರಾ ನಿರಾಳ.

ಇದನ್ನ ಬರೀಬೇಕು ಅಂತ ಕೂತಿರ್ಲಿಲ್ಲ. ಪೆಡಲ್ಲು, ಟಿಕೆಟ್ಟು, ನಿಂಬೆ ಸೋಡಾ ಅಂತ ಲೈಟಾಗಿ ಮುಗಿಸೋಣ ಅಂತಿದ್ದೆ. ಅಳಿಸ್ಬೇಕು, ಆದ್ರೆ ಫೋನಲ್ಲಿ ಇಷ್ಟುದ್ದ ಟೈಪ್ ಮಾಡಿ ಹೆಬ್ಬೆರಳು ಬಿದ್ದೋಗಿದೆ, ಸೆಲೆಕ್ಟ್ ಮಾಡಕ್ಕೂ ಆಗ್ತಿಲ್ಲ, ಇರ್ಲಿ ಬಿಡು. ನಿಮ್ಮಮ್ಮ ಓದಿದ್ರೆ ನಮಸ್ಕಾರ ಅಮ್ಮ, ಹುಣಸೆ ತೊಕ್ಕು ಮುಗೀತು.

ಈಗ ಬಿಸಿನೆಸ್ ಮಾತು. ‘ಖಾಲಿ’ ಸ್ಪಾಟಿಫೈಲೂ ಇದೆಯಲ್ಲ. 2024ರಿಂದ ಅವರ ರೂಲ್ ಏನಂದ್ರೆ ಹನ್ನೆರಡು ತಿಂಗಳಲ್ಲಿ ಒಂದು ಹಾಡನ್ನ ಕನಿಷ್ಠ 1000 ಸಲ ಕೇಳಿರ್ಬೇಕು, ಇಲ್ದಿದ್ರೆ ಕಾಸಿಲ್ಲ. ಮೂವತ್ತು ಸೆಕೆಂಡ್ ಓಡಿದ್ರೆ ಒಂದ್ಸಲ ಅಂತ ಲೆಕ್ಕ. ಮೂರು ವಾರದಿಂದ ನಾನೇ ಹಾಕಿ ಹಾಕಿ ಅರವತ್ತು ದಾಟಿಸಿದೀನಿ, ಪೀಣ್ಯ ಶಿಫ್ಟಿಗೆ ಹೋಗ್ತಾ ಎರಡು ಬರ್ತಾ ಎರಡು, ಆದ್ರೆ ಒಬ್ಬನೇ ಒತ್ತಿದ್ರೆ ಆಗಲ್ವಂತೆ, ಬೇರೆ ಬೇರೆ ಕಿವಿನೂ ಬೇಕಂತೆ. ಅದಕ್ಕೇ ಇದನ್ನ ಎಲ್ಲಾರ ಮುಂದೆ ಹಾಕ್ತಿರೋದು, ಪಶ್ಚಾತ್ತಾಪಕ್ಕೆ ಅಂತ ಅಂದ್ಕೋಬೇಡ. ದನಿ ನಂದೂ ಇದೆ, ನಗೂನೂ ನಂದೇ, ದುಡ್ಡು ಬಂದ್ರೆ ಅರ್ಧ ನಂಗೆ. ಅದರಲ್ಲಿ ಹದಿನಾಲ್ಕು ರೂಪಾಯಿ ಕಟ್ ಮಾಡ್ಕೋ, ಗೊತ್ತಲ್ಲ ಯಾಕೆ ಅಂತ.

ಎರಡನೇ ಹಾಡು ಮತ್ತೆ ನಾಲ್ಕನೇದು ಇನ್ನೂ ಕೇಳಿಲ್ಲ. ಕೇಳಿದೀನಿ ಅಂತ ಹೇಳಲ್ಲ. ಅದರಲ್ಲೂ ನಾನೇನಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಮೊದಲೇ ಹೇಳ್ಬಿಡು, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೋತೀನಿ.

ಡಬ್ಬ ನನ್ನ ಹತ್ರಾನೇ ಇದೆ ಕಣೋ. ಮುಚ್ಚಳ ಮಾತ್ರ ಇಲ್ಲ.