ಸಾರಿಗೆ ಆಯುಕ್ತರಿಗೆ ಬಹಿರಂಗ ಪತ್ರ: ತಪಾಸಣೆಯಲ್ಲಿ ಕಂಡದ್ದನ್ನು ಬರೆದು ಕೊಡಿ

ಮಾನ್ಯ ಸಾರಿಗೆ ಆಯುಕ್ತರಿಗೆ,
ಶಾಂತಿನಗರ, ಬೆಂಗಳೂರು.

ಮಾನ್ಯರೇ,

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 25ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಫೈಬರ್‌ಗ್ಲಾಸ್ ಮೈಯ, ಎರಡೇ ಸೀಟಿನ ನನ್ನ ಹಳೆಯ ಸ್ಪೋರ್ಟ್ಸ್ ಕಾರನ್ನು ಹೀಗೆ ನಗರದ ಕಚೇರಿಯೊಂದಕ್ಕೆ ಒಯ್ದಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು, ಹೆಡ್‌ಲೈಟ್ ಹಾಕಿಸಿದರು, ಹಾರ್ನ್ ಒತ್ತಿಸಿದರು, ತಪಾಸಣೆ ಮುಗಿಯಿತು. ಗಾಡಿ ಪಾಸಾದದ್ದು ಸಂತೋಷವೇ. ಆದರೆ ಏನೇನು ನೋಡಿದರು, ಯಾವುದು ಸವೆದಿದೆ ಎಂಬ ಬಗ್ಗೆ ಒಂದು ಸಾಲಿನ ಬರಹವೂ ನನಗೆ ಸಿಗಲಿಲ್ಲ.

ಇಂಥ ಕಾರುಗಳ ತೊಂದರೆಗಳು ಮೇಲ್ನೋಟಕ್ಕೆ ಸಿಗುವಂಥವಲ್ಲ. ಫೈಬರ್ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥ್ ವೈರ್ ಎಳೆದಿರಬೇಕು; ಹಿಂದಿನ ದೀಪಗಳ ಅರ್ಥ್ ತುದಿಗೆ ಕಿಲುಬು ಹಿಡಿಯಿತೆಂದರೆ ಇಂಡಿಕೇಟರ್ ಹಾಕಿದಾಗ ಪಕ್ಕದ ಬ್ರೇಕ್ ಲೈಟೂ ಮಿಣುಕತೊಡಗುತ್ತದೆ. ಮೈಗೆ ತುಕ್ಕಿಲ್ಲವೆಂದು ನಂಬಿದವರು ಒಳಗಿನ ಉಕ್ಕಿನ ಪೈಪುಗಳ ಚಾಸಿಯನ್ನು ಮರೆಯುತ್ತಾರೆ. ಬಣ್ಣದ ಪದರದಡಿ ನೀರು ನಿಂತು ಆ ಪೈಪುಗಳಿಗೆ ತುಕ್ಕು ಹಿಡಿಯುತ್ತಿರುತ್ತದೆ. ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದರೆ ಚಕ್ರದ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದು ಸಡಿಲವಾಗಿರುವುದು ತಿಳಿಯುತ್ತದೆ. ಅರೆ ನಿಮಿಷದ ಕೆಲಸ, ಅದನ್ನೂ ಮಾಡಲಿಲ್ಲ.

ಬಿಡಿಭಾಗಗಳನ್ನು ತರಿಸಿ ಶೆಡ್ಡಿನಲ್ಲೇ ಜೋಡಿಸಿಕೊಳ್ಳುವ ಕೇಟರ್‌ಹ್ಯಾಮ್, ವೆಸ್ಟ್‌ಫೀಲ್ಡ್‌ನಂಥ ಕಿಟ್ ಕಾರುಗಳು ಬ್ರಿಟನ್ನಿನಲ್ಲಿ ಬಹಳ. ಅವೂ ಮೂರು ವರ್ಷ ಕಳೆದ ಮೇಲೆ ಪ್ರತಿವರ್ಷ ಎಂಒಟಿ ಎಂಬ ಕಡ್ಡಾಯ ವಾಹನ ತಪಾಸಣೆಗೆ ಹೋಗಬೇಕು. 2018ರ ಮೇ ತಿಂಗಳಿಂದ ಅಲ್ಲಿ ದೋಷಗಳನ್ನು ಅಪಾಯಕಾರಿ, ದೊಡ್ಡದು, ಚಿಕ್ಕದು ಎಂದು ವಿಂಗಡಿಸಿ ಬರೆಯುತ್ತಾರೆ; ಸದ್ಯಕ್ಕೆ ಪಾಸು, ಮುಂದೆ ಗಮನಿಸಿ ಎಂಬ ಸಲಹೆಯೂ ಇರುತ್ತದೆ. ಗಾಡಿಯ ನಂಬರ್ ಹಾಕಿದರೆ ಹಿಂದಿನ ಫಲಿತಾಂಶಗಳು ಯಾರಿಗಾದರೂ ಉಚಿತವಾಗಿ ಕಾಣುತ್ತವೆ. ಜೊತೆಗೆ, ನಂಬರ್ ತೆಗೆದುಹಾಕಿದ ಇಡೀ ದಾಖಲೆಯನ್ನೂ ಸರ್ಕಾರ ಪ್ರಕಟಿಸುತ್ತದೆ. ಅಪರೂಪದ ಕಾರುಗಳ ಮಟ್ಟಿಗೆ ಎಷ್ಟು ಪಾಸು, ಎಷ್ಟು ಫೇಲು ಎಂಬ ಶೇಕಡಾವಾರು ಲೆಕ್ಕ ನನಗೆ ಅಷ್ಟೇನೂ ಮುಖ್ಯವಲ್ಲ. ಭಾನುವಾರ ಮಾತ್ರ ಹೊರಬರುವ ಮುದ್ದಿನ ಗಾಡಿ ಪಾಸಾಗುವುದರಲ್ಲಿ ಏನು ವಿಶೇಷ? ಯಾವ ಭಾಗ ಮತ್ತೆ ಮತ್ತೆ ಕೈಕೊಡುತ್ತದೆ ಎಂಬ ವಿವರವೇ ಮಾಲೀಕನಿಗೂ ಮೆಕ್ಯಾನಿಕ್‌ಗೂ ಬೇಕಾದದ್ದು.

ಕಂಪನಿಯ ಸರ್ವಿಸ್ ಕೇಂದ್ರವೇ ಇಲ್ಲದ ಗಾಡಿಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರ ಮಾತೇ ಇಂದು ಆಧಾರ.

ಆದ್ದರಿಂದ ನೋಂದಣಿ ನವೀಕರಣಕ್ಕಾಗಲಿ ಎಫ್‌ಸಿಗಾಗಲಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ) ಬಂದ ಪ್ರತಿ ಗಾಡಿಯ ಮಾಲೀಕರಿಗೆ, ಪಾಸಾದರೂ ಸಹ, ನೋಡಿದ ಭಾಗಗಳನ್ನೂ ಕಂಡ ದೋಷಗಳನ್ನೂ ನಮೂದಿಸಿದ ಕನ್ನಡದ ಹಾಳೆಯೊಂದನ್ನು ಕೊಡುವಂತೆ ಆದೇಶಿಸಬೇಕೆಂದೂ, ಮಾಲೀಕರ ಹೆಸರು ಮತ್ತು ಗಾಡಿಯ ನಂಬರ್ ಕೈಬಿಟ್ಟು ಈ ಮಾಹಿತಿಯನ್ನು ಮಾಡೆಲ್‌ವಾರು ವರ್ಷಕ್ಕೊಮ್ಮೆ ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ವಾಹನ ಮಾಲೀಕ