ಗಡಿಯಾಚೆಗೆ ಮಾರುವ ಕೈಕೆಲಸಕ್ಕೆ ಬೇರೆ ನಿಯಮವೇಕೆ?

ಮಾನ್ಯ ಸಂಪಾದಕರೇ,

ಕೈಯಿಂದ ಮಾಡಿದ ಕಲಾಕೃತಿಗಳನ್ನು ಆನ್‌ಲೈನ್‌ನಲ್ಲಿ ಮಾರಿ ಸ್ವತಂತ್ರವಾಗಿ ಬದುಕಬಹುದೆಂದು ಕಲಾವಿದರಿಗೆ ಹೇಳಿಕೊಡುವ ಲೇಖನಗಳೂ ತರಬೇತಿ ಶಿಬಿರಗಳೂ ಈಚೆಗೆ ಹೆಚ್ಚಾಗಿವೆ. ಫೋಟೊ ತೆಗೆಯುವ ಬಗೆ, ಬೆಲೆ ಕಟ್ಟುವ ಬಗೆ, ಗಿರಾಕಿಗಳೊಡನೆ ಮಾತನಾಡುವ ಬಗೆ ಎಲ್ಲವನ್ನೂ ಅಲ್ಲಿ ವಿವರಿಸುತ್ತಾರೆ. ಆದರೆ ಮಾರುವವರು ಯಾವ ರಾಜ್ಯದವರು, ಕೊಳ್ಳುವವರು ಯಾವ ರಾಜ್ಯದವರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಕಾಸರಗೋಡಿನ ಕನ್ನಡ ಕಲಾವಿದರಿಗೆ ಮೊದಲ ತೊಡಕು ಎದುರಾಗುವುದೇ ಅಲ್ಲಿ.

ನಾನು ಯಕ್ಷಗಾನದ ಬಣ್ಣದ ವೇಷಗಳ ಮುಖವರ್ಣಿಕೆಯನ್ನು ಕಾಗದ ಹಾಗೂ ಮರದ ಹಲಗೆಯ ಮೇಲೆ ಚಿತ್ರಿಸುತ್ತೇನೆ; ಬೇಗಡೆ ಅಂಟಿಸಿದ ಪುಟ್ಟ ಕಿರೀಟ, ಭುಜಕೀರ್ತಿಗಳ ಮಾದರಿಗಳನ್ನೂ ಮಾಡುತ್ತೇನೆ. ತೆಂಕುತಿಟ್ಟಿನ ತವರೆನಿಸಿದ ಕುಂಬಳೆ ಸೀಮೆಯಲ್ಲಿ ಇವನ್ನು ನೋಡಿ ಮೆಚ್ಚುವವರಿಗೆ, ಬಣ್ಣದ ವೇಷದ ಮುಖದ ಮೇಲೆ ಇಡುವ ಬಿಳಿ ಚುಟ್ಟಿಯ ಸಾಲು ಒಂದು ಎಳೆ ತಪ್ಪಿದರೂ ಬೆರಳಿಟ್ಟು ತೋರಿಸುವವರಿಗೆ ಕೊರತೆಯಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳುವವರು ಹೆಚ್ಚಾಗಿ ಮಂಗಳೂರು, ಪುತ್ತೂರು, ಉಡುಪಿ, ಬೆಂಗಳೂರಿನವರು. ಕಾಸರಗೋಡಿನಿಂದ ಮಂಗಳೂರಿಗೆ ಇರುವ ದೂರ ಸುಮಾರು 50 ಕಿಲೋಮೀಟರ್. ತಿರುವನಂತಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು. ಹೀಗಿದ್ದರೂ ತೆರಿಗೆ ಕಾನೂನಿನ ಲೆಕ್ಕದಲ್ಲಿ ತಿರುವನಂತಪುರದ ಗಿರಾಕಿ ಒಳಗಿನವರು, ಮಂಗಳೂರಿನ ಗಿರಾಕಿ ಹೊರಗಿನವರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಎಳೆದ ಗಡಿಗೆರೆಯ ಕುರಿತಾದ ಹಳೆಯ ಚರ್ಚೆಯನ್ನು ಇಲ್ಲಿ ಕೆದಕುವ ಉದ್ದೇಶ ನನಗಿಲ್ಲ. ಗೆರೆ ಇರುವಲ್ಲೇ ಇರಲಿ. ಅದರಾಚೆಗೆ ಒಂದು ಚಿತ್ರವನ್ನು ಕಳುಹಿಸಲು ಇಷ್ಟೊಂದು ಕಟ್ಟುಪಾಡು ಏಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಕೇರಳದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇ-ಕಾಮರ್ಸ್ ತಾಣಗಳ ಮೂಲಕ ಮಾರುವವರಿಗೆ ಮಾತ್ರ ಈ ಮಿತಿಯ ಪ್ರಯೋಜನವಿರಲಿಲ್ಲ. ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಸರ್ಕಾರ ಇದನ್ನು ಸಡಿಲಿಸಿ, ಪ್ಯಾನ್ ಸಂಖ್ಯೆ ಇದ್ದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದ ಸಣ್ಣ ಮಾರಾಟಗಾರರಿಗೆ ನೋಂದಣಿಯಿಂದ ವಿನಾಯಿತಿ ನೀಡಿತು. ಆದರೆ ಅಂಥವರು ಹೊರರಾಜ್ಯಕ್ಕೆ ಏನನ್ನೂ ಮಾರುವಂತಿಲ್ಲ ಎಂಬ ಷರತ್ತು ಅದರ ಜೊತೆಗೇ ಬಂತು. ಮೈಸೂರಿನ ಕಲಾವಿದೆಯೊಬ್ಬರು ಬೆಂಗಳೂರಿಗೆ, ಬೆಳಗಾವಿಗೆ, ಬೀದರಿಗೆ ಈ ವಿನಾಯಿತಿಯಡಿಯಲ್ಲೇ ಮಾರಬಹುದು, ಏಕೆಂದರೆ ಅವರ ಭಾಷೆ ಬಲ್ಲ, ಅವರ ಕಲೆಯನ್ನು ಗುರುತಿಸುವ ಗಿರಾಕಿಗಳು ಬಹುತೇಕ ಅವರ ರಾಜ್ಯದೊಳಗೇ ಇದ್ದಾರೆ. ಮಂಜೇಶ್ವರದ ಕಲಾವಿದೆಯ ಪಾರ್ಸೆಲ್ ಗಡಿಯಲ್ಲಿರುವ ತಲಪಾಡಿ ದಾಟಿತೆಂದರೆ ವಿನಾಯಿತಿಯೂ ಅಲ್ಲಿಗೆ ಮುಗಿಯಿತು. ತಮಿಳುನಾಡಿನ ತಾಳವಾಡಿಯ, ಮಹಾರಾಷ್ಟ್ರದ ಜತ್ತದ, ಆಂಧ್ರದ ಮಡಕಶಿರಾದ ಕನ್ನಡಿಗರ ಪಾಡೂ ಇದಕ್ಕಿಂತ ಬೇರೆಯಾಗಿರಲಾರದು.

ಕರಕುಶಲ ವಸ್ತುಗಳಿಗೆಂದೇ ಇನ್ನೊಂದು ವಿನಾಯಿತಿ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ. ನಿಗದಿತ ಮಿತಿಯೊಳಗೆ ವಹಿವಾಟು ನಡೆಸುವ ಕುಶಲಕರ್ಮಿಗಳು ನೋಂದಣಿ ಇಲ್ಲದೆಯೇ ಹೊರರಾಜ್ಯಕ್ಕೂ ಮಾರಬಹುದು, ಮತ್ತು ಕೈಯಿಂದ ಬರೆದ ಚಿತ್ರಗಳು ಕರಕುಶಲ ವಸ್ತುಗಳ ಪಟ್ಟಿಯಲ್ಲಿ ಸೇರಿವೆ. ಆದರೆ ಅದು ಅನ್ವಯಿಸುವುದು ಗಿರಾಕಿಗೆ ನೇರವಾಗಿ ಮಾರಿದಾಗ. ಇ-ಕಾಮರ್ಸ್ ತಾಣದ ಮೂಲಕ ಮಾರುವವರಿಗೆ ಸಂಬಂಧಿಸಿದ ನೋಂದಣಿಯ ಕಲಮನ್ನು ಅದು ಸಡಿಲಿಸುವುದಿಲ್ಲ. ಅದಕ್ಕಿಂತ ವಿಚಿತ್ರವಾದುದು ಇ-ವೇ ಬಿಲ್ಲಿನ, ಅಂದರೆ ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ತಯಾರಿಸಬೇಕಾದ ದಾಖಲೆಯ, ನಿಯಮ. ನೋಂದಾಯಿತ ವ್ಯಾಪಾರಿ ಹೊರರಾಜ್ಯಕ್ಕೆ ಸರಕು ಕಳುಹಿಸುವಾಗ ಅದರ ಮೌಲ್ಯ 50,000 ರೂಪಾಯಿ ಮೀರಿದರೆ ಮಾತ್ರ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಸಣ್ಣವರೆಂದು ನೋಂದಣಿಯಿಂದ ವಿನಾಯಿತಿ ಪಡೆದ ಕುಶಲಕರ್ಮಿಗಾದರೋ, ವಸ್ತುವಿನ ಮೌಲ್ಯ ಎಷ್ಟೇ ಇರಲಿ, ಇ-ವೇ ಬಿಲ್ ಕಡ್ಡಾಯ. 400 ರೂಪಾಯಿಯ ಚಿತ್ರವೊಂದನ್ನು ಪುತ್ತೂರಿಗೆ ಕಳುಹಿಸುವವರ ಮೇಲೆ, ಲಾರಿಯಲ್ಲಿ 40,000 ರೂಪಾಯಿಯ ಸರಕು ಕಳುಹಿಸುವವರಿಗೂ ಇಲ್ಲದ ಹೊರೆಯನ್ನು ಹೊರಿಸಿದ ನಿಯಮದ ಹಿಂದಿನ ತರ್ಕ ನನಗಂತೂ ಅರ್ಥವಾಗಿಲ್ಲ.

ಹಾಗಾದರೆ ನೋಂದಣಿ ಮಾಡಿಸಿಕೊಳ್ಳಬಾರದೇಕೆ? ಮಾಡಿಸಿಕೊಳ್ಳಬಹುದು. ಆದರೆ ಏನೂ ಮಾರಾಟವಾಗದ ಅವಧಿಗೂ ರಿಟರ್ನ್ ಸಲ್ಲಿಸಬೇಕು. ತಡವಾದರೆ ಶೂನ್ಯ ರಿಟರ್ನಿಗೂ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ ತೆರಬೇಕು. ಯಕ್ಷಗಾನದ ಆಟದ ಋತುವಿನಲ್ಲಿ ನಾಲ್ಕು ಚಿತ್ರ ಮಾರಾಟವಾಗಿ, ಮಳೆಗಾಲವಿಡೀ ಒಂದೂ ಹೋಗದ ಕಸುಬಿನಲ್ಲಿ ಲೆಕ್ಕ ಬರೆಯುವವರಿಗೆ ಕೊಡುವ ಸಂಭಾವನೆಯೇ ಲಾಭವನ್ನು ನುಂಗುತ್ತದೆ. ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಕಾಂಪೋಸಿಷನ್ ಯೋಜನೆಯನ್ನು ಸೇರೋಣವೆಂದರೆ ಅಲ್ಲಿಯೂ ಹೊರರಾಜ್ಯದ ಮಾರಾಟ ನಿಷಿದ್ಧ. 2025ರ ಸೆಪ್ಟೆಂಬರ್ 22ರಿಂದ ಕೈಯಿಂದ ಬರೆದ ಚಿತ್ರಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸ್ವಾಗತಾರ್ಹವೇ ಆದರೂ, ನಮ್ಮಂಥವರ ತೊಡಕು ದರದ್ದಲ್ಲ.

ಉಳಿಯುವ ದಾರಿ ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್‌ಗಳಲ್ಲಿ ಚಿತ್ರ ತೋರಿಸಿ ನೇರವಾಗಿ ಮಾರುವುದು. ಅಲ್ಲಿ ಪರಿಚಯವಿಲ್ಲದ ಗಿರಾಕಿ ಮುಂಗಡ ಕೊಡಲು ಅಂಜುತ್ತಾರೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳುಹಿಸಿದರೆ ಪೆಟ್ಟಿಗೆ ತಿರುಗಿ ಬಂದಾಗ ಎರಡೂ ಕಡೆಯ ಸಾಗಣೆ ವೆಚ್ಚ ಕಲಾವಿದರ ತಲೆಗೇ ಬೀಳುತ್ತದೆ. ಸಾಗಣೆಯ ಲೆಕ್ಕವಂತೂ ಕೈಕೆಲಸಕ್ಕೆ ಒಗ್ಗುವಂಥದ್ದಲ್ಲ. ಕಿರೀಟದ ಮಾದರಿ ಕಾಲು ಕಿಲೋ ತೂಗದಿದ್ದರೂ, ಅದು ಜಜ್ಜಿಹೋಗದಂತೆ ಇಡಲು 30 ಸೆಂಟಿಮೀಟರ್ ಉದ್ದಗಲದ, 20 ಸೆಂಟಿಮೀಟರ್ ಎತ್ತರದ ರಟ್ಟಿನ ಪೆಟ್ಟಿಗೆ ಬೇಕು. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸುವ ಕೊರಿಯರ್‌ನವರ ಸೂತ್ರದಲ್ಲಿ ಅದೇ ಪೆಟ್ಟಿಗೆ 3.6 ಕಿಲೋ ಆಗುತ್ತದೆ. ಇಷ್ಟೆಲ್ಲ ಸೇರಿಸಿ ಬೆಲೆ ಹೇಳಿದರೆ, ಇದೇ ವೇಷದ ಮುದ್ರಿತ ಚಿತ್ರ ನೂರು ರೂಪಾಯಿಗೆ ಸಿಗುತ್ತದಲ್ಲ ಎಂಬ ಉತ್ತರ ಬರುತ್ತದೆ.

ಆ ಮುದ್ರಿತ ಚಿತ್ರ ಕೆಲವೊಮ್ಮೆ ನಮ್ಮದೇ ಕೃತಿಯ ಫೋಟೊದಿಂದ ಮಾಡಿದ್ದಾಗಿರುತ್ತದೆ ಎಂಬುದು ಬೇರೆ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ನೋಂದಣಿ ಇಲ್ಲದಿದ್ದರೂ ಚಿತ್ರಕಾರರಿಗೆ ಹಕ್ಕಿದೆ, ದೂರು ಕೊಟ್ಟರೆ ಜಾಲತಾಣ 36 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು. ಆದರೆ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಂದೊಪ್ಪಿಸದಿದ್ದರೆ ಆ ನಕಲು ಮತ್ತೆ ಕಾಣಿಸಿಕೊಳ್ಳಬಹುದು. 400 ರೂಪಾಯಿಯ ಚಿತ್ರಕ್ಕಾಗಿ ಯಾರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ?

ಹೊರರಾಜ್ಯದ ಮಾರಾಟಕ್ಕೆ ಪ್ರತ್ಯೇಕ ಎಚ್ಚರಿಕೆ ಏಕೆ ಬೇಕು ಎಂಬುದನ್ನು ನಾನು ಅರಿಯದವಳಲ್ಲ. ವಸ್ತು ಯಾವ ರಾಜ್ಯದಲ್ಲಿ ಬಳಕೆಯಾಗುತ್ತದೆಯೋ ಆ ರಾಜ್ಯಕ್ಕೆ ತೆರಿಗೆಯ ಪಾಲು ಸಲ್ಲಬೇಕಾದುದರಿಂದ ಲೆಕ್ಕವಿಡುವುದು ಅಗತ್ಯ. ಆದರೆ ತೆರಿಗೆಯನ್ನೇ ಕಟ್ಟಬೇಕಿಲ್ಲದಷ್ಟು ಸಣ್ಣ ವಹಿವಾಟಿನಲ್ಲಿ ಹಂಚಿಕೊಳ್ಳಲು ಯಾವ ಪಾಲಿದೆ? ತಾಣದ ಮೂಲಕ ನಡೆಯುವ ಪ್ರತಿಯೊಂದು ಮಾರಾಟದ ವಿವರವೂ ಆ ತಾಣದವರ ಬಳಿ ಇದ್ದೇ ಇರುತ್ತದೆ. ವಾಟ್ಸ್‌ಆ್ಯಪ್ ಮಾರಾಟಕ್ಕಿಂತ ಅದನ್ನು ಪರಿಶೀಲಿಸುವುದು ಸುಲಭವೂ ಹೌದು. ಆದ್ದರಿಂದ ನೇರ ಮಾರಾಟಕ್ಕೆ ಈಗಾಗಲೇ ಇರುವ ಕರಕುಶಲ ವಿನಾಯಿತಿಯನ್ನು ತಾಣಗಳ ಮೂಲಕ ನಡೆಯುವ ಹೊರರಾಜ್ಯದ ಮಾರಾಟಕ್ಕೂ ವಿಸ್ತರಿಸಬೇಕು, ಇ-ವೇ ಬಿಲ್ಲಿಗೆ ಇತರರಿಗಿರುವ 50,000 ರೂಪಾಯಿಯ ಮಿತಿಯನ್ನೇ ಕುಶಲಕರ್ಮಿಗಳಿಗೂ ಅನ್ವಯಿಸಬೇಕು. ಕೇರಳ, ಕರ್ನಾಟಕ ಎರಡೂ ರಾಜ್ಯಗಳ ಪ್ರತಿನಿಧಿಗಳು ಜಿಎಸ್‌ಟಿ ಮಂಡಳಿಯಲ್ಲಿ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವವರು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜನಪ್ರತಿನಿಧಿಗಳು ಒಟ್ಟಾಗಿ ಅವರ ಗಮನಕ್ಕೆ ಇದನ್ನು ತರಬೇಕೆಂದು ಕೋರುತ್ತೇನೆ.

ಅದು ಆಗುವಷ್ಟು ಕಾಲವಾದರೂ, ಎನ್‌ರೋಲ್‌ಮೆಂಟ್ ಪಡೆಯುವುದು ಮತ್ತು ಇ-ವೇ ಬಿಲ್ ತಯಾರಿಸುವುದನ್ನು ಕನ್ನಡದಲ್ಲಿ ತಿಳಿಸಿಕೊಡುವ ಶಿಬಿರಗಳನ್ನು ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಏರ್ಪಡಿಸಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು ನೀಡಿರುವಾಗ, ಈ ಶಿಬಿರಗಳನ್ನು ಕನ್ನಡದಲ್ಲಿ ನಡೆಸಲು ಹೊಸ ಆದೇಶವೇನೂ ಬೇಕಾಗಲಾರದು.

– ಓರ್ವ ಕಲಾವಿದೆ, ಕುಂಬಳೆ, ಕಾಸರಗೋಡು ಜಿಲ್ಲೆ