ಹೆಬ್ಬೆಟ್ಟು ಕೊಡಲೊಲ್ಲದವರಿಗೊಂದು ಅಂಚೆಚೀಟಿ: ಸಂಸದರಿಗೆ ಬಹಿರಂಗ ಪತ್ರ

ಹಾವೇರಿ-ಗದಗ ಲೋಕಸಭಾ ಕ್ಷೇತ್ರದ ಸಂಸದರಿಗೆ,

ಮಾನ್ಯರೇ, ಶರಣು.

ರಸ್ತೆ, ರೈಲು, ಕುಡಿಯುವ ನೀರಿನ ಅರ್ಜಿಗಳ ನಡುವೆ ಅಂಚೆಚೀಟಿಯ ಮಾತು ತಂದೆನೆಂದು ಬೇಸರಿಸಬೇಡಿ. ಇದಕ್ಕೆ ಸಂಸದರ ನಿಧಿಯ ಒಂದು ಪೈಸೆಯೂ ಬೇಡ. ಬೇಕಾದದ್ದು ತಮ್ಮದೊಂದು ಪತ್ರ, ಆಮೇಲೆ ಅದು ಯಾವ ಮೇಜಿನ ಮೇಲಿದೆ ಎಂದು ಆಗಾಗ ವಿಚಾರಿಸುವ ತಾಳ್ಮೆ.

ಕೋಲಾರದ ಚಿನ್ನದ ಗಣಿ ಕಾರ್ಮಿಕರ 1930ರ ಮುಷ್ಕರಕ್ಕೆ 2030ರಲ್ಲಿ ನೂರು ವರ್ಷ ತುಂಬುತ್ತದೆ. ಅದರ ನೆನಪಿಗೊಂದು ಅಂಚೆಚೀಟಿ ಬರಲಿ ಎಂಬುದೇ ನನ್ನ ಮನವಿ. ಆಗ ಗಣಿಗಳೆಲ್ಲ ಜಾನ್ ಟೇಲರ್ ಕಂಪನಿಯ ಕೈಯಲ್ಲಿದ್ದವು. ಕೆಳಗಿಳಿಯುತ್ತಿದ್ದವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ದಲಿತರು. ಕೂಲಿಕಾರರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಎಂದು ಕಂಪನಿ ಹೊಸ ಕಟ್ಟಳೆ ತಂದಿತು. ಬೆರಳಚ್ಚು ತೆಗೆಯುವುದು ಠಾಣೆಯಲ್ಲಿ, ಕಳ್ಳರದು. ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆಯೇ ಇಲ್ಲದ ಕಾಲವದು. ಬೆನ್ನಿಗೆ ನಿಲ್ಲುವ ದೊಡ್ಡ ಹೆಸರಿನವರು ಯಾರೂ ಇರಲಿಲ್ಲ. ಮುಂದೆ ಸಂಘ ಕಟ್ಟಿಕೊಂಡು ಬೀದಿಗಿಳಿದಾಗ, 1946ರ ನವೆಂಬರ್ 4ರಂದು, ಪೊಲೀಸರ ಗುಂಡಿಗೆ ಆರು ಜನ ಸತ್ತರು. 2001ರಲ್ಲಿ ಗಣಿಗೇ ಬೀಗ ಬಿತ್ತು.

ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲೂ ಚಿನ್ನ ಅಗೆಯುವವರು ದಂಗೆ ಎದ್ದಿದ್ದರು, 1854ರಲ್ಲಿ. ಚಿನ್ನ ಸಿಗಲಿ ಬಿಡಲಿ, ಪರವಾನಗಿ ಶುಲ್ಕ ಕಟ್ಟಲೇಬೇಕು. ಪರವಾನಗಿ ತೋರಿಸದವರನ್ನು ಪೊಲೀಸರು ಅಟ್ಟಿಸಿಕೊಂಡು ಹಿಡಿಯುತ್ತಿದ್ದರು. ಯುರೇಕಾ ಎಂಬಲ್ಲಿ ಮರದ ತಡೆ ಕಟ್ಟಿ ನಿಂತವರ ಮೇಲೆ ಡಿಸೆಂಬರ್ 3ರ ನಸುಕಿನಲ್ಲಿ ಸೈನ್ಯ ನುಗ್ಗಿತು. ಇಪ್ಪತ್ತಕ್ಕೂ ಹೆಚ್ಚು ಗಣಿಗಾರರು ಸತ್ತರು. ಮುಂದಾಳು ಪೀಟರ್ ಲೇಲರ್ ಒಂದು ತೋಳು ಕಳೆದುಕೊಂಡ. ಮರುವರ್ಷವೇ ಶಾಸನಸಭೆಯಲ್ಲಿ ಕೂತ. ರಾಜದ್ರೋಹದ ಆರೋಪ ಹೊತ್ತ ಹದಿಮೂರು ಮಂದಿಯನ್ನೂ ಜ್ಯೂರಿ ಬಿಟ್ಟು ಕಳಿಸಿತು. ನೂರೈವತ್ತು ವರ್ಷ ತುಂಬಿದ 2004ರಲ್ಲಿ ಆ ದೇಶದ ಅಂಚೆ ಇಲಾಖೆ ಇದರ ನೆನಪಿಗೆ ಚೀಟಿ ಹೊರಡಿಸಿತು.

ನಮ್ಮ ಸರಕಾರ ಬಂಡೆದ್ದವರ ಚೀಟಿ ಅಚ್ಚು ಹಾಕೀತೇ ಎಂಬ ಅಳುಕು ಬೇಡ. 1977ರಲ್ಲಿ ಕಿತ್ತೂರು ಚೆನ್ನಮ್ಮನ ಚೀಟಿ ಬಂದಿದೆ, 2021ರಲ್ಲಿ ಚೌರಿ ಚೌರಾದ್ದು, 1922ರಲ್ಲಿ ರೈತರು ಪೊಲೀಸ್ ಠಾಣೆಗೆ ಬೆಂಕಿ ಇಟ್ಟ ಊರಿನದು. ರಾಣಿಗೆ ಸಿಕ್ಕಿತು, ರೈತರಿಗೆ ಸಿಕ್ಕಿತು. ನೆಲದೊಳಗೆ ಮೂರು ಕಿಲೋಮೀಟರ್ ಇಳಿದು ದುಡಿದವರ ಸರದಿ ಯಾವಾಗ?

ಕೋಲಾರದ ಸಂಗತಿ ಗದಗಿನವರಿಗೇಕೆ ಎಂದು ತಾವು ಕೇಳಬಹುದು. ಕೋಲಾರದ ಚಿನ್ನ ಇದ್ದದ್ದು ಭೂವಿಜ್ಞಾನಿಗಳು ಧಾರವಾಡದ ಹೆಸರಿಟ್ಟ ಕಲ್ಲಿನಲ್ಲಿ. ಅದೇ ಕಲ್ಲಿಗಾಗಿ ನಮ್ಮ ಕಪ್ಪತಗುಡ್ಡದ ಸೆರಗಿನಲ್ಲೂ ಬ್ರಿಟಿಷ್ ಕಂಪನಿಗಳು ಅಗೆದು, ಲಾಭ ಗಿಟ್ಟದೆ ಬಿಟ್ಟುಹೋದವು. ಲಾಭ ಗಿಟ್ಟಿದ್ದರೆ ಬೆರಳಚ್ಚಿನ ಪುಸ್ತಕ ನಮ್ಮ ಅಜ್ಜಂದಿರ ಮುಂದೆಯೂ ಬರುತ್ತಿತ್ತು. ಇನ್ನು ಗುಂಡೇಟಿನ ನೆನಪು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1980ರಲ್ಲಿ ನರಗುಂದದ ರೈತ ಬಂಡಾಯದ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು; ಜುಲೈ 21 ಬಂತೆಂದರೆ ಅಲ್ಲಿನ ವೀರಗಲ್ಲಿನ ಮುಂದೆ ರೈತರು ಸೇರುತ್ತಾರೆ. (ನರಗುಂದ ತಮ್ಮ ಕ್ಷೇತ್ರವಲ್ಲ, ಬಾಗಲಕೋಟೆಯದು. ಆದರೂ ಜಿಲ್ಲೆ ನಮ್ಮದೇ.) ಅದಕ್ಕೂ 2030ಕ್ಕೆ ಐವತ್ತು ತುಂಬುತ್ತದೆ. ಆ ಮನವಿ ಬೇರೆ ಬರೆಯುತ್ತೇನೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ಸ್ಮರಣಾರ್ಥ ಚೀಟಿಗಳ ಪ್ರಸ್ತಾವ ಹೋಗುವುದು ಅಂಚೆಚೀಟಿ ಸಲಹಾ ಸಮಿತಿಗೆ. ಅದಕ್ಕೆ ಸಂಪರ್ಕ ಸಚಿವರೇ ಅಧ್ಯಕ್ಷರು. ಬೆಂಗಳೂರಿನ ಮಟ್ಟದಲ್ಲೇ ಒಂದು ವಿಶೇಷ ಲಕೋಟೆ ಬಿಡುಗಡೆ ಮಾಡಿ, ಶಾಲು ಹೊದಿಸಿ, ಫೋಟೊ ತೆಗೆಸಿ ಮುಗಿಸುವ ಸಲಹೆ ಖಂಡಿತ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಲಕೋಟೆ ನಮ್ಮಂಥ ಸಂಗ್ರಹಕಾರರ ಆಲ್ಬಮ್ ಸೇರುತ್ತದೆ, ಅಷ್ಟೆ. ಚೀಟಿಯಾದರೆ ದೇಶದ ಯಾವ ಊರಿನ ಪತ್ರದ ಮೇಲಾದರೂ ಕೂರಬಹುದು.

ಚಿತ್ರದ ಬಗ್ಗೆಯೂ ಒಂದು ಮಾತು: ಚಿನ್ನದ ಗಟ್ಟಿ ಬೇಡ, ಗಣಿಯ ರಾಟೆಯೂ ಬೇಡ. ಒಂದು ಹೆಬ್ಬೆಟ್ಟಿನ ಗುರುತು, ಕೆಳಗೆ 1930 ಎಂಬ ಇಸವಿ ಸಾಕು.

ಮುಂದಿನ ಅಧಿವೇಶನದಲ್ಲಿ ಸಚಿವರಿಗೆ ಮನವಿ ಕೊಡಿ. ಜೊತೆಗೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೊಂದನ್ನೂ ಹಾಕಿದರೆ ಲಿಖಿತ ಉತ್ತರವಾದರೂ ಸಿಗುತ್ತದೆ. ಕೋಲಾರದ ಸಂಸದರ ಸಹಿಯನ್ನೂ ಕೂಡಿಸಿಕೊಳ್ಳಿ, ಪಕ್ಷ ಯಾವುದಾದರೇನು.

ಇತಿ,
ತಮ್ಮ ಕ್ಷೇತ್ರದ ಮತದಾರ,
ಗದಗ